ಗೌರವ್ವಾರ ಕಡೆಯ ಬೇಲಿ

ಆಗೆಲ್ಲ ಮಳೆ ಬಿತ್ತೆಂದರೆ ತಿರ್ಲಾಪುರದ ರೈತರು ಆಕಾಶ ನೋಡಿ ಕೈ ಮುಗಿಯುತ್ತಿದ್ದರು, ನಮ್ಮವ್ವ ಹಿತ್ತಲ ನೋಡಿ ಹಣೆ ಬಡಿದುಕೊಳ್ಳುತ್ತಿದ್ದಳು. ನಮ್ಮದು ಎರೆಮಣ್ಣಿನ ಸೀಮೆ. ಬೇಸಿಗೆಯಲ್ಲಿ ಮೊಣಕೈವರೆಗೆ ಕೈ ಇಳಿಯುವಂಥ ಬಿರುಕು ಬಿಡುವ ಮಣ್ಣು, ಎರಡು ದಿನ ಮಳೆ ಹಿಡಿದರೆ ಕಾಲಿಗೆ ಅಂಟಿಕೊಂಡು ಬಿಡುತ್ತಲೇ ಇರಲಿಲ್ಲ. ಚಪ್ಪಲಿ ಹಾಕಿಕೊಂಡು ಹಿತ್ತಲಿಗೆ ಹೋದವರು ಬರಿಗಾಲಲ್ಲಿ ವಾಪಸು ಬರುತ್ತಿದ್ದರು. ಮನುಷ್ಯರ ಪಾಡೇ ಹೀಗಿದ್ದಾಗ ಕೋಳಿಗಳ ಪಾಡು ಕೇಳಬೇಕೆ? ಕಾಲಿಗೆ ಮಣ್ಣಿನ ಉಂಡೆ ಕಟ್ಟಿಕೊಂಡು, ಬೂಟು ಹಾಕಿದ ಪೊಲೀಸರ ಹಾಗೆ ಎತ್ತೆತ್ತಿ ಇಡುತ್ತ ನಡೆಯುತ್ತಿದ್ದವು. ನೋಡಿ ನಾನು ನಗುತ್ತಿದ್ದೆ. ಅವ್ವ ನಗುತ್ತಿರಲಿಲ್ಲ. ಒದ್ದೆಯಲ್ಲಿ ನಿಂತ ಕೋಳಿಗೆ ಮೊದಲು ಕಾಲು ಕೆಡುತ್ತದೆ, ಆಮೇಲೆ ಹೊಟ್ಟೆ ಕೆಡುತ್ತದೆ, ಆಮೇಲೆ ಕೋಳಿಯೇ ಹೋಗುತ್ತದೆ ಎಂದು ಆಕೆಗೆ ಗೊತ್ತಿತ್ತು.

ಮನೆಯಲ್ಲಿ ಕೋಳಿ ಇದ್ದವರಿಗೆ ನಾನು ಹೇಳುವುದು ತಿಳಿಯುತ್ತದೆ. ಇಲ್ಲದವರು, ಕೋಳಿ ಎಂದರೆ ಊರೆಲ್ಲ ತಿರುಗಿ ಮೇಯ್ದು ಬಂದು ತಾನಾಗಿ ತತ್ತಿ ಇಡುವ ಪ್ರಾಣಿ ಎಂದುಕೊಂಡಿರುತ್ತಾರೆ. ಅಲ್ರೀ, ಹಾಗಿದ್ದರೆ ನನ್ನ ಬಾಲ್ಯ ಇನ್ನಷ್ಟು ಸುಖವಾಗಿರುತ್ತಿತ್ತು. ಕೋಳಿ ಸಾಕುವುದೆಂದರೆ ಹಿತ್ತಲ ಸಾಕುವುದು. ನಾಲ್ಕನೆಯ ಇಯತ್ತೆ ಓದುವಾಗ ನಮ್ಮಲ್ಲಿ ಒಂಬತ್ತು ಕೋಳಿ, ಒಂದು ಹುಂಜ ಇದ್ದವು. ಅವುಗಳ ಚಾಕರಿಗೆ ನಾನಿದ್ದೆ.

ಮಳೆಗಾಲ ಶುರುವಾಗುವ ಮೊದಲೇ ಹಳ್ಳದ ಆಚೆಯ ದಿಬ್ಬದಿಂದ ಕೆಂಪು ಗರಸು ಮಣ್ಣು ತರಬೇಕು. ಅವ್ವ ದೊಡ್ಡ ಬುಟ್ಟಿ ಹೊತ್ತರೆ ನಾನು ಸಣ್ಣ ಬುಟ್ಟಿ ಹೊರುತ್ತಿದ್ದೆ. ಅದನ್ನು ಎರೆಮಣ್ಣಿನ ಮೇಲೆ ನಾಲ್ಕು ಬೆರಳು ದಪ್ಪ ಹರಡಿ, ಕಾಲಿಂದ ತುಳಿದು, ಹಿತ್ತಲಿನ ನೀರು ಬಚ್ಚಲ ಕಡೆ ಹರಿಯುವಂತೆ ಇಳಿಜಾರು ಮಾಡಬೇಕು. ಗೂಡಿನ ಬಾಜು ಒಂದು ಹಳೆಯ ತಗಡಿನ ಕೆಳಗೆ ಮೊಣಕಾಲುದ್ದದ ಗುಂಡಿ ಇತ್ತು. ಅದರಲ್ಲಿ ಒಲೆಯ ಬೂದಿ, ಒಣಮಣ್ಣು ತುಂಬಿಡಬೇಕು. ಕೋಳಿಗಳ ಜಳಕ ಅದರಲ್ಲೇ. ಬೂದಿ ಒದ್ದೆಯಾದ ವಾರದಲ್ಲೇ ಹೇನು ಬೀಳುತ್ತಿದ್ದವು, ಅವು ಕೋಳಿಯಿಂದ ನನ್ನ ತಲೆಗೆ ಬರುತ್ತಿದ್ದವು. ಕಲ್ಲು ಮಣ್ಣಿನ ಗೂಡನ್ನು ದಿನಾ ಮುಂಜಾನೆ ಕೆರೆದು, ಹಿಕ್ಕೆಯನ್ನು ತಿಪ್ಪೆಗೆ ಹಾಕಿ, ಜೋಳದ ಹೊಟ್ಟು ಮತ್ತು ಬೇವಿನ ಸೊಪ್ಪು ಹಾಸಬೇಕು. ಆ ವಾಸನೆ, ಅಂದರೆ ಹಸಿ ಬೇವು, ಬೂದಿ, ಕೋಳಿಯ ಬೆಚ್ಚನೆಯ ಪುಕ್ಕ ಮೂರೂ ಕೂಡಿದ ವಾಸನೆ, ನನ್ನ ಪಾಟಿಚೀಲಕ್ಕೂ ಹತ್ತಿತ್ತು. ಸಾಲೆಯಲ್ಲಿ ನನ್ನ ಬಾಜು ಕೂಡುವ ಹುಡುಗಿ ಮೂಗು ಮುಚ್ಚಿಕೊಂಡೇ ಮಗ್ಗಿ ಹೇಳುತ್ತಿದ್ದಳು.

ಹಿತ್ತಲಿನ ಮೂರು ಕಡೆ ಗೋಡೆ ಇತ್ತು. ನಾಲ್ಕನೆಯ ಕಡೆ ಗೌರವ್ವಾರು ಇದ್ದರು.

ನಮ್ಮ ಓಣಿಯ ಹಿತ್ತಲುಗಳು, ಅವರ ಓಣಿಯ ಹಿತ್ತಲುಗಳು ಬೆನ್ನಿಗೆ ಬೆನ್ನು ಹಚ್ಚಿಕೊಂಡಿದ್ದವು. ಅವರದು ಲಿಂಗ ಕಟ್ಟಿದ ಮನೆ, ನಮ್ಮದು ಕೋಳಿ ಕಟ್ಟಿದ ಮನೆ. ಅಪ್ಪ ಅವರ ಹೊಲದಲ್ಲಿ ವರ್ಷದ ಆಳು. ಗೌರವ್ವಾರು ಎಂದರೆ ಆ ಮನೆಯ ಯಜಮಾನತಿ, ಅರವತ್ತು ದಾಟಿದ ಮುದುಕಿ, ಹಣೆ ತುಂಬ ವಿಭೂತಿ, ಎರಡೂ ಕೈಗೆ ಬೆಳ್ಳಿ ಕಡಗ, ಊರ ಅಗಸಿ ಬಾಗಿಲವರೆಗೂ ಕೇಳಿಸುವ ಬಾಯಿ. ಅವರ ಹಿತ್ತಲಲ್ಲಿ ಒಂದು ಎಮ್ಮೆ, ಜೋಳದ ಕಣಕಿಯ ಬಣವೆ, ಒಂದು ಮಡಿ ಮೆಂತೆ ಇದ್ದವು. ನಮ್ಮ ಕೋಳಿಗಳಿಗೆ ಆ ಮೂರೂ ಇಷ್ಟ.

ದಿನಾ ಒಂದು ಸಲವಾದರೂ ಆ ಕಡೆಯಿಂದ ನಮ್ಮವ್ವನಿಗೆ ಕೂಗು ಬರುತ್ತಿತ್ತು, “ಏ ದುರಗೀ, ನಿಮ್ಮವು ಬಂದಾವ ನೋಡ!” ಗೌರವ್ವಾರು ಕೋಳಿ ಎಂಬ ಶಬ್ದವನ್ನು ಬಾಯಲ್ಲಿ ತರುತ್ತಿರಲಿಲ್ಲ. ಕೋಳಿಗೆ ‘ನಿಮ್ಮವು’, ತತ್ತಿಗೆ ‘ಅದು’. ಬಣವೆಯಲ್ಲಿ ‘ನಿಮ್ಮವು’ ‘ಅದು’ ಮಾಡಿಟ್ಟರೆ ನನ್ನನ್ನು ಕರೆದು, ತಾವು ದೂರ ನಿಂತು ಬೆರಳು ತೋರಿಸಿ, ತೆಗೆದುಕೊಂಡು ಹೋಗೆನ್ನುತ್ತಿದ್ದರು. ನಾನು ತತ್ತಿಯನ್ನು ಲಂಗದಲ್ಲಿ ಸುತ್ತಿಕೊಂಡ ಮೇಲೆ ಅಲ್ಲೇ ನಿಲ್ಲಿಸಿ, ನನ್ನ ಬೊಗಸೆಗೆ ಮೇಲಿನಿಂದ ಮಜ್ಜಿಗೆ ಹೊಯ್ಯುತ್ತಿದ್ದರು. ಹೊಯ್ಯುವಾಗಲೂ ಬೈಗುಳ ನಿಲ್ಲುತ್ತಿರಲಿಲ್ಲ. ನಮ್ಮವ್ವ ಕೋಳಿ ಸಾಕುವುದನ್ನು ಬಿಟ್ಟು ಮಗಳ ತಲೆ ಬಾಚುವುದು ಕಲಿಯಬೇಕು, ಬರೇ ಎಲುಬಾಗಿದೆ ಹುಡುಗಿ, ಇಂಥ ಹಿತ್ತಲು ಏಳೂರಲ್ಲಿ ಇಲ್ಲ. ಅವ್ವ ನಮ್ಮ ಕಡೆ ನಿಂತು, ಹೌದ್ರಿ ಅವ್ವಾರ, ತಪ್ಪಾತ್ರಿ ಅವ್ವಾರ, ಎನ್ನುತ್ತ ಸಾವಕಾಶ ಬೂದಿ ಜರಡಿ ಹಿಡಿಯುತ್ತಿದ್ದಳು.

ಆ ವರ್ಷ ಗೌರವ್ವಾರ ಮಗ ಅಣ್ಣಿಗೇರಿಯಲ್ಲಿ ನಡೆಸುತ್ತಿದ್ದ ಕಾಳಿನ ವ್ಯಾಪಾರ ಬಿಟ್ಟು ಊರಿಗೆ ಬಂದು ನಿಂತರು. ಒಂದು ವಾರ ತಾಯಿಯ ಕೂಗು ಕೇಳಿದರು. ಆಮೇಲೆ ಅಪ್ಪನನ್ನು ಕರೆಸಿ, ನಮ್ಮ ತಾಯಿಗೆ ದಿನಾ ಇಷ್ಟು ತ್ರಾಸ ಆಗತೈತಿ ಅಂತ ನನಗ ಗೊತ್ತಿದ್ದಿಲ್ಲ, ಎಂಟು ದಿನದೊಳಗೆ ಬೇಲಿ ಆಗಬೇಕು, ಆದ ಮೇಲೂ ಒಂದು ಕೋಳಿ ಈ ಕಡೆ ಕಂಡರೆ ಕೋಳಿಗಳೆಲ್ಲ ಊರು ಬಿಡಬೇಕು ಎಂದರು. ಬೈದು ಹೇಳಲಿಲ್ಲ, ಸಮಾಧಾನದಿಂದಲೇ ಹೇಳಿದರಂತೆ. ಅಪ್ಪ ಹೆದರಿದ್ದು ಅದಕ್ಕೇ.

ಬೇಲಿ ಹಾಕಿದೆವು. ಹೊಲದಿಂದ ಹತ್ತಿ ಕಟಿಗೆ ತಂದು, ಅಡ್ಡ ಮೂರು ಬಿದಿರ ಗಳ ಕೊಟ್ಟು, ಪುಂಡಿ ನಾರಿನಿಂದ ಒಂದೊಂದೇ ಕಟಿಗೆ ಬಿಗಿದೆವು. ಬುಡದಲ್ಲಿ ಕೋಳಿ ಕೆದರಿ ದಾರಿ ಮಾಡದಂತೆ ಜಾಲಿ ಮುಳ್ಳು ಹೂಳಿ ಮೇಲೆ ಕಲ್ಲು ಜೋಡಿಸಿದೆವು. ಮೇಲಿನಿಂದ ಹಾರದಂತೆ ಎಲ್ಲ ಕೋಳಿಗಳ ಒಂದು ರೆಕ್ಕೆಯ ಗರಿ ಕತ್ತರಿಸಿದೆವು. ಒಂದೇ ರೆಕ್ಕೆ. ಎರಡೂ ಕತ್ತರಿಸಿದರೆ ತೂಕ ಸಮ ಆಗಿ ಮತ್ತೆ ಹಾರಲು ನೋಡುತ್ತದೆ, ಒಂದು ಕಡೆ ಕತ್ತರಿಸಿದರೆ ಹಾರಲು ಹೋಗಿ ವಾಲಿ ಬೀಳುತ್ತದೆ. ಬೇಲಿ ಮುಗಿದ ದಿನ ಅಪ್ಪ ಅದನ್ನು ಎರಡು ಕೈಯಿಂದ ಅಲ್ಲಾಡಿಸಿ ನೋಡಿ, ಇನ್ನು ಒಂದೇ ಒಂದು ಮಾತು ಬಂದರೆ ಒಂಬತ್ತನ್ನೂ ನವಲಗುಂದ ಸಂತೆಗೆ ಹಾಕಿ ಬರುತ್ತೇನೆ ಎಂದ. ನಾನು ಚುಕ್ಕಿಯನ್ನಾದರೂ ಬಿಡು ಎಂದೆ.

“ಕೋಳಿ ಕೇಳಿ ಮಸಾಲಿ ಅರೀತಾರೇನ? ಎಲ್ಲಾ ಅಂದ್ರ ಎಲ್ಲಾ,” ಎಂದ ಅಪ್ಪ.

ಚುಕ್ಕಿ ಎಂದರೆ ನನ್ನ ಕೋಳಿ. ಬೂದು ಮೈ ಮೇಲೆ ಬಿಳಿ ಚುಕ್ಕೆ. ಮರಿಯಿದ್ದಾಗ ಹದ್ದಿನ ಬಾಯಿಂದ ಜಾರಿ ನಮ್ಮ ಬಾವಿಯ ಹತ್ತಿರ ಬಿದ್ದಿದ್ದನ್ನು ನಾನು ಎತ್ತಿ, ಅರಿವೆಯಲ್ಲಿ ಸುತ್ತಿ ಬದುಕಿಸಿದ್ದೆ. ಬೇಲಿ ಮುಗಿದ ಮರುದಿನವೇ ಅದನ್ನು ಮೊದಲ ಸಲ ಕಾವಿಗೆ ಕೂಡಿಸಿದ್ದೆವು. ಬುಟ್ಟಿಗೆ ಬೂದಿ ಹಾಕಿ, ಮೇಲೆ ಹುಲ್ಲು ಹಾಸಿ, ಕಂದೀಲಿನ ಬೆಳಕಿಗೆ ಹಿಡಿದು ಆರಿಸಿದ ಹನ್ನೊಂದು ತತ್ತಿ. ಗುಡುಗಿಗೆ ತತ್ತಿ ಕೆಡಬಾರದೆಂದು ಪಕ್ಕಕ್ಕೆ ಒಂದು ಕಬ್ಬಿಣದ ಮೊಳೆ. ಇಪ್ಪತ್ತೊಂದು ದಿನ. ನಾನು ಗೋಡೆಯ ಮೇಲೆ ಇದ್ದಿಲಿನಿಂದ ದಿನಕ್ಕೊಂದು ಗೆರೆ ಎಳೆಯುತ್ತಿದ್ದೆ. ನನಗೆ ಜಗತ್ತಿನಲ್ಲಿ ಬೇಕಾಗಿದ್ದದ್ದು ಇಷ್ಟೇ, ಆ ಗೆರೆ ಇಪ್ಪತ್ತೊಂದು ಆಗುವವರೆಗೆ ಗೌರವ್ವಾರ ಬಾಯಿಂದ ಒಂದು ಕೂಗು ಬರಬಾರದು.

ಮೂರನೆಯ ದಿನವೇ ಬಂತು. ಎದ್ದು ಓಡಿ ಹೋಗಿ ನೋಡಿದರೆ ನಾಲ್ಕು ಕೋಳಿ ಎಮ್ಮೆಯ ಸುತ್ತ ತಿರುಗುತ್ತಿವೆ, ಬೇಲಿಯ ಒಂದು ಮೂಲೆಯಲ್ಲಿ ಮೂರು ಕಟಿಗೆ ಇಲ್ಲ. ಪುಣ್ಯಕ್ಕೆ ಅವರ ಮಗ ಹೊಲಕ್ಕೆ ಹೋಗಿದ್ದರು, ಅಪ್ಪನೂ ಇರಲಿಲ್ಲ. ಅವ್ವ ಕೋಳಿ ಹೊಡೆದುಕೊಂಡು ಬಂದು, ಕಟಿಗೆ ಮತ್ತೆ ಕಟ್ಟಿದಳು. ಮರುದಿನ ಗಟ್ಟಿ ಇತ್ತು. ಅದರ ಮರುದಿನ ಮತ್ತೆ ಅದೇ ಮೂಲೆ, ಅದೇ ಮೂರು ಕಟಿಗೆ.

ನನ್ನ ತಲೆ ಗಿರ್ರೆನ್ನತೊಡಗಿತು. ಮುಂಗುಸಿ ಬಂದಿದ್ದರೆ ಕೋಳಿ ಉಳಿಯುತ್ತಿರಲಿಲ್ಲ. ನಾಯಿ ಬಂದಿದ್ದರೆ ಕಟಿಗೆ ಮುರಿದಿರುತ್ತಿದ್ದವು. ಈ ಕಟಿಗೆಗಳನ್ನು ಯಾರೋ ಒಂದರ ಮೇಲೊಂದು ಓರಣವಾಗಿ ಇಟ್ಟಿದ್ದರು. ನಾರು ಹರಿದಿರಲಿಲ್ಲ, ಗಂಟು ಬಿಚ್ಚಿತ್ತು. ಅವ್ವನಿಗೆ ತೋರಿಸಿದೆ. ಗಾಳಿ ಇರಬೇಕು ಎಂದಳು. ಗಂಟು ಬಿಚ್ಚುವ ಗಾಳಿ ಯಾವುದವ್ವಾ ಎಂದು ಕೇಳಿದ್ದಕ್ಕೆ, ಸಾಲೆಗೆ ಹೊತ್ತಾಯಿತು, ನಡಿ ಎಂದಳು. ಒಂದು ದಿನ ನಾನೇ ಎರಡೆರಡು ಗಂಟು ಹಾಕಿ, ಹಲ್ಲಿನಿಂದ ಜಗ್ಗಿ ಬಿಗಿ ಮಾಡಿ ಬಂದೆ. ಸಾಲೆಯಿಂದ ಬರುವಷ್ಟರಲ್ಲಿ ಅವ್ವ ಅವನ್ನು ಬಿಚ್ಚಿ ತನ್ನ ಕೈಯಾರೆ ಕಟ್ಟುತ್ತ ಕುಳಿತಿದ್ದಳು. ಮುಟ್ಟಿ ನೋಡಿದೆ, ಸಡಿಲ. ಬೆರಳು ಆಡುತ್ತಿತ್ತು. ಸಡಿಲ ಆಗಿದೆ ಎಂದರೆ, “ನಿನಗೇನ ತಿಳೀತದ, ಬಿಗಿ ಕಟ್ಟಿದ್ರ ಕಟಗಿ ಮುರೀತಾವ,” ಎಂದು ನನ್ನನ್ನೇ ಗದರಿದಳು. ಉಳಿದ ಬೇಲಿಯೆಲ್ಲ ಕಲ್ಲಿನಂತೆ ಬಿಗಿಯಾಗಿದೆ, ಅಲ್ಲಿ ಯಾವ ಕಟಿಗೆಯೂ ಮುರಿದಿಲ್ಲ. ಇದೇನು ಲೆಕ್ಕ?

ಗೋಡೆಯ ಮೇಲೆ ಹದಿನೈದನೆಯ ಗೆರೆ ಎಳೆದ ಮುಂಜಾನೆ ಕಳ್ಳರು ಸಿಕ್ಕರು. ಗೂಡಿನ ಬಾಗಿಲುಗಲ್ಲು ಸರಿಸಿ ಕೋಳಿ ಬಿಟ್ಟವಳು ಬೂದಿ ಗುಂಡಿಯ ತಗಡಿನ ಹಿಂದೆ ಅಡಗಿ ಕುಳಿತಿದ್ದೆ. ಮಂಜು ಮಂಜು ಬೆಳಕು. ಆ ಮೂಲೆಯಲ್ಲಿ ಬೇಲಿಯೊಳಗಿಂದ ಒಂದು ಕೈ ಬಂತು. ಮುಂಗೈ ಮೇಲೆ ಮೂರು ಗೆರೆ ವಿಭೂತಿ, ಬೆಳ್ಳಿ ಕಡಗ. ಆ ಕೈ ಅವಸರವಿಲ್ಲದೆ ಗಂಟು ಬಿಚ್ಚಿತು, ಮೂರು ಕಟಿಗೆ ತೆಗೆದು ಓರಣವಾಗಿ ಬದಿಗಿಟ್ಟಿತು. ಆಮೇಲೆ ಒಂದು ಹಿಡಿ ಜೋಳ ಬಿತ್ತು. ‘ಬಾ ಬಾ ಬಾ’ ಎಂದು ಯಾರೋ ಮೆಲ್ಲಗೆ ಕರೆದರು. ಊರ ಅಗಸಿಯವರೆಗೆ ಕೇಳಿಸುವ ಬಾಯಿಯಲ್ಲಿ ಅಷ್ಟು ಸಣ್ಣ ದನಿಯೂ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಕೋಳಿಗಳು ಸಾಲುಗಟ್ಟಿ ಹೋದವು. ದಿನಕ್ಕೊಮ್ಮೆ ಕಾವಿನಿಂದ ಏಳುವ ನನ್ನ ಚುಕ್ಕಿಯೂ ಹೋಯಿತು. ನಾನು ಕಟಿಗೆಯ ಸಂದಿಯಿಂದ ನೋಡಿದೆ. ಮಲಗಿದ್ದ ಎಮ್ಮೆ ಇವು ಬಂದಿದ್ದೇ ಒಂದು ಮಗ್ಗುಲಿಗೆ ಹೊರಳಿ, ಕಾಲು ಚಾಚಿ, ಕಿವಿ ಇಳಿಬಿಟ್ಟಿತು. ಕೋಳಿಗಳು ಅದರ ಮೈಗೆ ಹತ್ತಿದ್ದ ಉಣ್ಣಿಗಳನ್ನು ಒಂದೊಂದಾಗಿ ಹೆಕ್ಕಿ ತಿನ್ನತೊಡಗಿದವು. ಕೆಚ್ಚಲ ಸಂದಿ, ಬಾಲದ ಬುಡ, ಕಿವಿಯ ಒಳಗೆ. ಗೌರವ್ವಾರು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತು ಚುಕ್ಕಿಗೆ ದಾರಿ ತೋರಿಸುತ್ತಿದ್ದರು, “ಅಲ್ಲೆ ಅಲ್ಲ ಬೇ, ಬಗಲಾಗ ಐತಿ ನೋಡ, ದಪ್ಪಂದು, ಬಗಲಾಗ.” ಅವರ ಮಗ, ಅಪ್ಪ ಇಬ್ಬರೂ ನಸುಕಿನಲ್ಲೇ ಹೊಲಕ್ಕೆ ಹೋಗಿದ್ದರು. ಎಲ್ಲ ಮುಗಿದ ಮೇಲೆ, ಸೆರಗು ಸರಿಮಾಡಿಕೊಂಡು, ಗಂಟಲು ಕೆಮ್ಮಿ, ಓಣಿಗೆಲ್ಲ ಕೇಳುವಂತೆ ಕೂಗಿದರು, ಏ ದುರಗೀ, ನಿಮ್ಮವು ಬಂದಾವ ನೋಡ! ಒಳಗಿನಿಂದ ಅವ್ವ, ಬಂದೆ ಬಂದೆ ಅವ್ವಾರ, ತಪ್ಪಾತ್ರಿ ಎನ್ನುತ್ತ ಓಡಿ ಬಂದಳು.

ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಗಾದೆ ಕೇಳಿದ್ದೆ. ಬೇಲಿ ಕಿತ್ತವರೇ ಬೇಲಿ ಇಲ್ಲವೆಂದು ಬೈಯುವುದನ್ನು ಯಾವ ಗಾದೆಯಲ್ಲೂ ಕೇಳಿರಲಿಲ್ಲ. ಬೇಕಿದ್ದರೆ ಕರೆಯಬಹುದಲ್ಲ, ಬೇಡವಾಗಿದ್ದರೆ ಬಿಡಬಹುದಲ್ಲ. ಜೋಳವನ್ನೂ ಹಾಕಿ ಬೈಗುಳವನ್ನೂ ಹಾಕುವುದೇಕೆ? ಅವ್ವನಿಗೆ ಹೇಳಲು ಹೋದೆ. ನಾನು ಕಂಡದ್ದನ್ನು ಅರ್ಧ ಹೇಳುವಷ್ಟರಲ್ಲಿ ಆಕೆ, ನಿದ್ದೆಗಣ್ಣಿಗೆ ಏನೇನೋ ಕಾಣತೈತಿ ಎಂದು ಮಾತು ಮುಗಿಸಿಬಿಟ್ಟಳು. ನಾನು ನಿಜವಾಗಿ ಕಂಡೆನೋ ಇಲ್ಲವೋ ಎಂದು ನನಗೇ ಅನುಮಾನ ಬಂತು. ಮಧ್ಯಾಹ್ನ ಆ ಮೂಲೆಗೆ ಹೋಗಿ ನೋಡಿದರೆ ನೆಲದ ಮೇಲೆ ಎರಡು ಜೋಳದ ಕಾಳು ಉಳಿದಿದ್ದವು.

ಹದಿನೇಳನೆಯ ಗೆರೆಯ ದಿನ ಗೌರವ್ವಾರ ಮನೆಗೆ ಮಿಶ್ರಿಕೋಟಿಯಿಂದ ಬೀಗರು ಬಂದರು. ಮೊಮ್ಮಗಳನ್ನು ಕೇಳಲು ಬಂದವರು. ಪೂಜೆಯಾಗದೆ ನೀರೂ ಮುಟ್ಟದಂಥ ಕಟ್ಟುನಿಟ್ಟಿನ ಜನ ಎಂದು ಅಪ್ಪ ಹಿಂದಿನ ದಿನವೇ ಹೇಳಿದ್ದ. ಕಾಲು ತೊಳೆಯಲು ಅವರನ್ನು ಹಿತ್ತಲಿಗೇ ಕರೆತಂದರು. ಅವತ್ತು ಅವಸರದಲ್ಲಿ ಗೌರವ್ವಾರು ಮುಂಜಾನೆ ತೆಗೆದ ಕಟಿಗೆಗಳನ್ನು ಮರೆತಿದ್ದರೋ ಏನೋ. ಬೀಗರು ತಂಬಿಗೆ ಕೈಗೆತ್ತಿಕೊಳ್ಳುವ ಹೊತ್ತಿಗೆ ಚುಕ್ಕಿ ಎಮ್ಮೆಯ ಬೆನ್ನ ಮೇಲೆ ನಿಂತಿತ್ತು.

ಬೀಗಿತ್ತಿ ತಂಬಿಗೆ ಕೆಳಗಿಟ್ಟು, ನಿಮ್ಮ ಮನೆಯಲ್ಲಿ ಇವೆಲ್ಲ ಇರುತ್ತಾವೇನ್ರಿ ಎಂದು ಕೇಳಿದರು. ಅಷ್ಟೇ ಕೇಳಿದ್ದು. ಗೌರವ್ವಾರ ಮುಖ ಬಿಳಿಚಿಕೊಂಡಿತು. ಆಮೇಲೆ ಅವರು ಬೈದ ಬೈಗುಳ ನಾನು ಅದುವರೆಗೆ ಕೇಳಿರಲಿಲ್ಲ. ದಿನದ ಬೈಗುಳದಲ್ಲಿ ಇರುತ್ತಿದ್ದ ಹುಡುಗಿಯ ತಲೆ, ಏಳೂರ ಹಿತ್ತಲು ಯಾವುದೂ ಅದರಲ್ಲಿ ಇರಲಿಲ್ಲ. ಹೊಲಸು ಮಂದಿ, ಹೇಳಿದ್ದು ತಿಳಿಯದ ಮಂದಿ, ಊರಿಗೇ ಮೈಲಿಗೆ. ಅವ್ವ ಬೇಲಿಯ ಈ ಕಡೆ ತಲೆ ಬಗ್ಗಿಸಿ, ತಪ್ಪಾತ್ರಿ ಅವ್ವಾರ ಎನ್ನುತ್ತಲೇ ಇದ್ದಳು. ಗೌರವ್ವಾರ ಮಗ ಹೊರಗೆ ಬಂದು ಅಪ್ಪನನ್ನು ಕೂಗಿದರು. ಸಂತೆಯ ದಾರಿ ಕಾಯುವುದೂ ಬೇಡ, ಇವತ್ತೇ, ಈಗಲೇ ಇವೆಲ್ಲ ಊರ ಹೊರಗೆ ಹೋಗಬೇಕು ಎಂದರು. ಅಪ್ಪ ಬುಟ್ಟಿ ತರಲು ಒಳಗೆ ಹೋದ.

ಇನ್ನು ನಾಲ್ಕೇ ಗೆರೆ ಉಳಿದಿದ್ದವು. ಆ ತತ್ತಿಗಳೊಳಗೆ ಮರಿಗಳು ಮಿಸುಕಾಡುವುದನ್ನು ನಾನು ಹಿಂದಿನ ದಿನ ಬೆಳಕಿಗೆ ಹಿಡಿದು ನೋಡಿದ್ದೆ. ನನಗೆ ಅಳು ಬಂತು, ಅಳುವಿಗಿಂತ ಸಿಟ್ಟು ಹೆಚ್ಚು ಬಂತು. ಬೇಲಿಯ ಕಿಂಡಿಯ ಮುಂದೆ ಹೋಗಿ ನಿಂತು ಅಂದುಬಿಟ್ಟೆ.

“ನೀವ ಬಿಚ್ಚೀರಲ್ರಿ ಅವ್ವಾರ. ದಿನಾ ನೀವ ಬಿಚ್ಚತೀರಿ. ಜ್ವಾಳ ಹಾಕಿ ಕರೀತೀರಿ, ಎಮ್ಮಿ ಮೈಯಾಗಿನ ಉಣ್ಣಿ ತಿನ್ನಲಿ ಅಂತ. ನಾ ಕಣ್ಣಾರೆ ನೋಡೀನಿ.”

ಗೌರವ್ವಾರು ನನ್ನನ್ನು ನೋಡಲಿಲ್ಲ. ಅವ್ವನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ, ಅದು ಏನೆಂದು ನನಗೆ ತಿಳಿಯಲಿಲ್ಲ. ಮರುಕ್ಷಣ ನನ್ನ ಕೆನ್ನೆಗೆ ಬಿತ್ತು. ಹೊಡೆದವಳು ಅವ್ವ. ಅದುವರೆಗೆ ಆಕೆ ನನ್ನ ಮೈ ಮುಟ್ಟಿ ಹೊಡೆದವಳಲ್ಲ.

“ಸುಳ್ಳ ಹೇಳತೈತ್ರಿ ಹುಡುಗಿ,” ಎಂದಳು ಅವ್ವ, ಬೀಗರ ಕಡೆ ತಿರುಗಿ. “ಬೇಲಿ ಸಡ್ಲ ಕಟ್ಟಾಕಿ ನಾನ. ಅವ್ವಾರು ನಮ್ಮವನ್ನ ಕಣ್ಣೆತ್ತಿ ಸೈತ ನೋಡೂದಿಲ್ಲ.”

ನಾನು ಕೆನ್ನೆ ಹಿಡಿದುಕೊಂಡು ನಿಂತೆ. ನೋವು ಅಷ್ಟೇನೂ ಇರಲಿಲ್ಲ. ನಿಜ ಹೇಳಿದ್ದಕ್ಕೆ ಏಟು ಬಿತ್ತು, ಅವ್ವ ಸುಳ್ಳು ಹೇಳಿ ಮಾಡದ ತಪ್ಪನ್ನು ತಲೆ ಮೇಲೆ ಹಾಕಿಕೊಂಡಳು. ಅದೂ ತನ್ನನ್ನು ಅಷ್ಟು ಹೊತ್ತು ಹೊಲಸು ಎಂದು ಬೈದವರನ್ನು ಉಳಿಸಲು. ಮಾಡದ ತಪ್ಪು ಎಂದೆನಲ್ಲ, ಅದೂ ಪೂರ್ತಿ ಖರೆ ಅಲ್ಲ. ಬೇಲಿಯನ್ನು ಆಕೆ ಸಡಿಲ ಕಟ್ಟಿದ್ದನ್ನು ನಾನೇ ಮುಟ್ಟಿ ನೋಡಿದ್ದೆ. ಹಾಗಾದರೆ ಯಾರದು ಸುಳ್ಳು, ಯಾರದು ಖರೆ? ಮೂಲೆಯಲ್ಲಿ ಕುಳಿತು ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ. ಅಪ್ಪ ತಂದ ಬುಟ್ಟಿ ಹಾಗೇ ಬಿದ್ದಿತ್ತು. ಗೌರವ್ವಾರ ಮಗ ತಾಯಿಯ ಮುಖ ಒಮ್ಮೆ ನೋಡಿ, ಬುಟ್ಟಿಯ ಮಾತನ್ನೇ ಎತ್ತದೆ ಬೀಗರನ್ನು ಒಳಗೆ ಕರೆದುಕೊಂಡು ಹೋಗಿದ್ದರು.

ಕೋಳಿಗಳು ಉಳಿದವು. ಹನ್ನೊಂದರಲ್ಲಿ ಒಂಬತ್ತು ಮರಿಯಾದವು. ಆ ಮನೆಯ ಮೊಮ್ಮಗಳ ಮದುವೆಯೂ ಮಿಶ್ರಿಕೋಟಿಗೇ ಆಯಿತು, ನನ್ನ ಮಾತಿನಿಂದ ಅದೇನೂ ಮುರಿಯಲಿಲ್ಲ. ಇಷ್ಟು ಆದ ಮೇಲೆ ನಾನು ಖುಷಿಯಾಗಿ ಇರಬೇಕಿತ್ತು. ಆದರೆ ಬೀಗರು ಬಂದು ಹೋಗಿ ಒಂದು ತಿಂಗಳು ಕೂಡ ಆಗಿರಲಿಲ್ಲ, ಗೌರವ್ವಾರ ಮಗ ಎರಡು ಗಾಡಿ ಕಲ್ಲು ತರಿಸಿ, ಗೌಂಡಿಗಳನ್ನು ಹಚ್ಚಿ ನಮ್ಮ ಬೇಲಿ ಇದ್ದ ಜಾಗದಲ್ಲಿ ಆಳೆತ್ತರದ ಗೋಡೆ ಎಬ್ಬಿಸಿದರು. ಕಲ್ಲು ಹೊರಲು ಅಪ್ಪನೂ ಹೋಗಿದ್ದ. ಬಿಚ್ಚಿದ ಹತ್ತಿ ಕಟಿಗೆಯಿಂದ ನಮಗೆ ಎರಡು ವಾರದ ಉರುವಲಾಯಿತು.

ಗೋಡೆ ಬಂದ ಮೇಲೆ ನಮ್ಮ ಹಿತ್ತಲಿನ ಕೆಲಸ ಅರ್ಧ ಕಡಿಮೆಯಾಯಿತು. ಬೇಲಿ ಕಟ್ಟುವುದಿಲ್ಲ, ರೆಕ್ಕೆ ಕತ್ತರಿಸುವುದಿಲ್ಲ, ಕೋಳಿ ಹುಡುಕುವುದಿಲ್ಲ. ಆ ಕಡೆಯಿಂದ ಕೂಗು ಬರುವುದಿಲ್ಲ. ಮೊದಮೊದಲು ಅವ್ವ ಬೂದಿ ಜರಡಿ ಹಿಡಿಯುವಾಗ ನಡುನಡುವೆ ಕೈ ನಿಲ್ಲಿಸುತ್ತಿದ್ದಳು. ಒಂದು ದಿನ ಹುಂಜ ಗೋಡೆ ಏರಿ ಆ ಕಡೆ ಧುಮುಕಿತು. ಈಗ ಬಂತು ನೋಡು ಬೈಗುಳ ಎಂದುಕೊಂಡೆ. ಅವ್ವ ಸೆರಗಿಗೆ ಕೈ ಒರೆಸಿಕೊಂಡು ಎದ್ದು ಗೋಡೆಯ ಹತ್ತಿರ ಹೋಗಿ ನಿಂತಳು. ಆಕೆಯ ಮುಖ ಅವತ್ತು ಅರಳಿತ್ತು ಎಂದು ಈಗ ಅನ್ನಿಸುತ್ತದೆ. ಸ್ವಲ್ಪ ಹೊತ್ತಿಗೆ ಅವರ ಮನೆಯ ಆಳು ಹುಂಜದ ಕಾಲು ಹಿಡಿದು ತಂದು ನಮ್ಮ ಮುಂಬಾಗಿಲಲ್ಲಿ ಬಿಟ್ಟು ಹೋದ. ಒಂದು ಮಾತೂ ಆಡಲಿಲ್ಲ. ಅವ್ವ ಗೋಡೆಯ ಹತ್ತಿರ ಇನ್ನೂ ಸ್ವಲ್ಪ ಹೊತ್ತು ನಿಂತೇ ಇದ್ದಳು.

ಎಮ್ಮೆಗೆ ಆ ವರ್ಷ ಉಣ್ಣಿ ವಿಪರೀತ ಹತ್ತಿ, ಗೌರವ್ವಾರು ಬಿಸಿಲಲ್ಲಿ ಕುಳಿತು ಕೈಯಿಂದ ಒಂದೊಂದೇ ಕಿತ್ತು ಸೀಮೆಎಣ್ಣೆಯ ಡಬ್ಬಿಗೆ ಹಾಕುತ್ತಾರೆಂದು ಅಪ್ಪ ಹೇಳಿದ. ಅದನ್ನು ಕೇಳಿ ಅವ್ವ ಊಟದ ತಾಟು ಸರಿಸಿ ಎದ್ದುಬಿಟ್ಟಳು. ನಮ್ಮ ಹತ್ತಿರ ಇಷ್ಟು ಕೋಳಿ ಇವೆ, ಮುಂಬಾಗಿಲಿನಿಂದ ಎರಡನ್ನು ಒಯ್ದು ಬಿಟ್ಟು ಬರಲೇ ಎಂದು ನಾನು ಕೇಳಿದೆ. ನನ್ನ ಪಾಲಿಗೆ ಅದು ಸರಳ ಲೆಕ್ಕ. ಅವ್ವ, ಮುಂಬಾಗಿಲಿನಿಂದ ಆಗುವ ಕೆಲಸ ಅಲ್ಲ ಅದು ಎಂದಳು. ಅದೂ ನನಗೆ ತಿಳಿಯಲಿಲ್ಲ.

ತಿಳಿಯಲು ಇಪ್ಪತ್ತು ವರ್ಷ ಹಿಡಿಯಿತು. ಆ ಹೊತ್ತಿಗೆ ಗೌರವ್ವಾರು ತೀರಿಕೊಂಡಿದ್ದರು. ನಾನು ಹುಬ್ಬಳ್ಳಿಯಲ್ಲಿ ಮನೆ ಮಾಡಿ, ಹಿಂದಿನ ಜಾಗದಲ್ಲಿ ನಾಲ್ಕು ಕೋಳಿ ಸಾಕಿದ್ದೆ. ಅವ್ವ ಬಂದವಳು ನನ್ನ ಹಿತ್ತಲನ್ನು ತಿರುಗಿ ತಿರುಗಿ ನೋಡಿದಳು. ಗರಸು ಹಾಕಿಸಿದ್ದೆ, ಬೂದಿ ಗುಂಡಿ ಮಾಡಿದ್ದೆ, ಸುತ್ತ ತಂತಿಯ ಜಾಳಿಗೆ ಹೊಡೆಸಿದ್ದೆ. ಎಲ್ಲ ಚಂದ ಆಗೈತಿ ಎಂದಳು. ಆ ಕಡೆ ಮನೆಯವರು ಯಾರು ಎಂದು ಕೇಳಿದಳು. ಗೇಟಿನ ಮೇಲಿನ ಹೆಸರು ಓದಿದ್ದೆ, ಮನುಷ್ಯರ ಗುರುತಿಲ್ಲ ಎಂದೆ. ಕೋಳಿಯ ಬಗ್ಗೆ ಏನೂ ಅನ್ನುವುದಿಲ್ಲವೇನು ಎಂದು ಕೇಳಿದಳು. ಏನೂ ಅನ್ನುವುದಿಲ್ಲ, ಆರು ವರ್ಷದಲ್ಲಿ ಒಂದು ಮಾತೂ ಬಂದಿಲ್ಲ ಎಂದು ಹೆಮ್ಮೆಯಿಂದಲೇ ಹೇಳಿದೆ.

ಆಗ ನಾನು ಅಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದನ್ನು ಕೇಳಿಬಿಟ್ಟೆ. ಗೌರವ್ವಾರು ಕಟಿಗೆ ಬಿಚ್ಚುವುದು ನಿನಗೆ ಗೊತ್ತಿತ್ತಲ್ಲ, ಗೊತ್ತಿದ್ದೂ ಅವರ ಬಾಯಿಂದ ದಿನಾ ಅಷ್ಟು ಯಾಕೆ ಬೈಸಿಕೊಂಡೆ?

“ಗೊತ್ತಿಲ್ಲದ ಏನ? ಆಕಿ ಬೆರಳ ನೋಯಬಾರದಂತನ ಸಡ್ಲ ಕಟ್ಟತಿದ್ದೆ,” ಎಂದಳು ಅವ್ವ. ಆಮೇಲೆ, “ಬೈಲಾರದ ಏನ ಮಾಡಬೇಕಿತ್ತ ಆಕಿ? ಆ ಓಣ್ಯಾಕಿ ಈ ಓಣ್ಯಾಕಿ ಕೂಡ ದಿನಾ ನಿಂತ ಮಾತಾಡಬೇಕಂದ್ರ ಬ್ಯಾರೆ ಏನ ನೆವ ಇತ್ತ?” ಎಂದಳು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಇಬ್ಬರು ಹೆಂಗಸರು ಅಷ್ಟು ವರ್ಷ ಜತನದಿಂದ ಬೈದು, ಬೈಸಿಕೊಂಡು ಕಾಪಾಡಿಕೊಂಡು ಬಂದಿದ್ದನ್ನು ಆ ಬೈಗುಳವನ್ನು ಖರೆ ಎಂದು ನಂಬಿದ ಇಬ್ಬರೇ ಹಾಳು ಮಾಡಿದ್ದೆವು. ಒಬ್ಬರು ಅವರ ಮಗ, ಇನ್ನೊಬ್ಬಳು ನಾನು. ಗೋಡೆ ಎದ್ದ ಮೇಲೆ ಗೌರವ್ವಾರು ಹದಿನಾಲ್ಕು ವರ್ಷ ಬದುಕಿದ್ದರಂತೆ. ಮಾತಾಡಿದ್ದಿಲ್ಲವೇನು ಎಂದರೆ ಅವ್ವ ಇಲ್ಲವೆಂದು ತಲೆಯಾಡಿಸಿದಳು. ಒಮ್ಮೆ ಹಳ್ಳದ ದಾರಿಯಲ್ಲಿ ಎದುರಾಗಿ, ಇಬ್ಬರೂ ನಿಂತು, ಬೈಯಲು ಏನೂ ಇಲ್ಲದೆ ಹಾಗೇ ಹೋದರಂತೆ.

ಈಗ ಅವ್ವನೂ ಇಲ್ಲ. ನನ್ನ ಕೋಳಿಗಳು ಜಾಳಿಗೆಯೊಳಗೆ ಆರಾಮಾಗಿವೆ, ಆಚೆ ಮನೆಯವರು ಇವತ್ತಿನವರೆಗೂ ಏನೂ ಅಂದಿಲ್ಲ. ಅವರು ಒಮ್ಮೆಯಾದರೂ ಏನಾದರೂ ಅನ್ನಲಿ ಎಂದು ಕೆಲವು ಮುಂಜಾನೆ ನಾನು ಬೂದಿ ಹರಡುತ್ತ ಬೇಕೆಂದೇ ತಡಮಾಡುತ್ತೇನೆ. ಚುಕ್ಕಿಯನ್ನು ಉಳಿಸಿಕೊಳ್ಳಲು ಹೋಗಿ ಅವ್ವನಿಗಿದ್ದ ಒಬ್ಬಳೇ ಗೆಳತಿಯನ್ನು ನಾನು ಕಳೆದೆ. ಅವರಿಬ್ಬರೂ ಗೆಳತಿಯರು ಎಂಬುದೇ ನನಗೆ ಗೊತ್ತಿರಲಿಲ್ಲ.